ಬಿರುದಿನ ಊರೂ ದತ್ತಿಯ ನೆಲವೂ
ಸವದತ್ತಿ ಬೆಳಗಾವಿಗಳ ರಟ್ಟರ ಶಾಸನಗಳನ್ನು ಕುರಿತು

ಕರ್ಣಾಟಕದ ದೇವಾಲಯಗಳಲ್ಲಿಯೂ ಬಸದಿಗಳಲ್ಲಿಯೂ ಉಪಲಬ್ಧವಾಗಿರುವ ದಾನಶಾಸನಗಳನ್ನು ಸಾಹಿತ್ಯಾಭ್ಯಾಸಿಗಳು ಓದುವ ಕ್ರಮವೊಂದುಂಟು. ಮಂಗಳಶ್ಲೋಕವನ್ನು ದಾಟಿ, ವಂಶವರ್ಣನೆಯ ವೃತ್ತ ಕಂದಗಳನ್ನು ಆಸ್ವಾದಿಸಿ, ನಾಡಿನ ಮತ್ತು ಪುರದ ವರ್ಣನೆಯನ್ನು ಗುರುತುಹಾಕಿಕೊಂಡು, ತಿಥಿ ವಾರ ನಕ್ಷತ್ರಗಳ ಗದ್ಯವು ಬಂದೊಡನೆ ಪುಸ್ತಕವನ್ನು ಮುಚ್ಚುವುದೇ ಆ ಕ್ರಮ. ಪದ್ಯಭಾಗವು ಕಾವ್ಯವೆನಿಸಿಕೊಂಡಿದೆ, ಗದ್ಯಭಾಗವು ಲೆಕ್ಕಪತ್ರವೆನಿಸಿಕೊಂಡಿದೆ. ಶಾಸನಪದ್ಯಗಳ ಸಂಕಲನಗಳು ಈ ಪದ್ಧತಿಯನ್ನು ಇನ್ನಷ್ಟು ದೃಢಪಡಿಸಿದುವು. ಅಮೃತಾಪುರದ ಶಾಸನವನ್ನು ಜನ್ನನು ರಚಿಸಿದನೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರುತ್ತದೆ. ಆ ಶಾಸನವು ಯಾರು ಯಾರಿಗೆ ಏನನ್ನು ಬಿಟ್ಟುಕೊಟ್ಟ ಪತ್ರವೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ.

ಮಹಾಸಾಮಂತ, ಮಂಡಳೇಶ್ವರ, ಮಹಾಮಂಡಳೇಶ್ವರರೆಂದು ಕರೆದುಕೊಂಡ ಸಣ್ಣ ಅರಸರ ವಿಷಯದಲ್ಲಿ ಈ ಅಲಕ್ಷ್ಯವು ವಿಶೇಷವಾಗಿ ನಷ್ಟಕರವಾದುದು. ಚಕ್ರವರ್ತಿಗಳ ಚರಿತ್ರೆಗೆ ಆಧಾರಗಳು ಅನೇಕವಾಗಿವೆ. ಸಾಮಂತನಿಗಾದರೋ ಅವನ ಕಲ್ಲೇ ಹೆಚ್ಚು ಕಡಮೆ ಏಕಮಾತ್ರ ಸಾಕ್ಷಿ. ಆ ಕಲ್ಲಿನಲ್ಲಿಯೂ ಎರಡು ಬಗೆಯ ಮಾತುಗಳಿವೆ. ಒಂದು, ಅವನು ತನ್ನನ್ನು ಏನೆಂದು ಹೇಳಿಕೊಂಡನೆಂಬುದು. ಇನ್ನೊಂದು, ಅವನು ಏನನ್ನು ಕೊಡಬಲ್ಲವನಾಗಿದ್ದನೆಂಬುದು. ಕೊಡಬೇಕಾದರೆ ಕೈಯಲ್ಲಿರಬೇಕಷ್ಟೆ. ಆದುದರಿಂದ ಸಾಮಂತನ ನಿಜವಾದ ಅಧಿಕಾರದ ಎಲ್ಲೆಯನ್ನು ಅರಿಯಬೇಕಾದವರು ಪ್ರಶಸ್ತಿಗಿಂತ ದತ್ತಿಯ ಭಾಗವನ್ನು ಮೊದಲು ಓದುವುದು ಉಚಿತವೆಂದು ತೋರುತ್ತದೆ. ಸವದತ್ತಿ ಮತ್ತು ಬೆಳಗಾವಿಗಳಿಂದ ಕೂಂಡಿ ಮೂರುಸಾಸಿರವನ್ನು ಆಳಿದ ರಟ್ಟರ ಶಾಸನಗಳಿಂದ ಇದನ್ನು ಸ್ಪಷ್ಟಪಡಿಸಬಹುದಾಗಿದೆ.

ಮೊದಲು ಬಿರುದಿನ ವಿಚಾರ. ರಟ್ಟರು ‘ಲತ್ತಲೂರ್ಪುರವರಾಧೀಶ್ವರ’ರು. ಲತ್ತನೂರು ಎಂಬ ರೂಪವೂ ಕಾಣಬರುತ್ತದೆ. ಈ ಲತ್ತಲೂರು ಈಗ ಮಹಾರಾಷ್ಟ್ರದಲ್ಲಿರುವ ಲಾತೂರೆಂದು ವಿದ್ವಾಂಸರು ನಿರ್ಣಯಿಸಿರುವರು. ಸವದತ್ತಿಯ ರಟ್ಟರು ಲಾತೂರನ್ನು ಆಳಿದರೆಂಬುದಕ್ಕೆ ಯಾವ ಆಧಾರವೂ ಇಲ್ಲ. ಈ ಬಿರುದು ಅವರಿಗೆ ಎಲ್ಲಿಂದ ಬಂದಿತೆಂಬುದು ಮಾತ್ರ ಸ್ಪಷ್ಟವಾಗಿದೆ: ರಾಷ್ಟ್ರಕೂಟ ಅಮೋಘವರ್ಷನ ಕಾಲದ ನೀಲಗುಂದ ಮತ್ತು ಸಿರೂರಿನ ಕ್ರಿ. ಶ. ೮೬೬ರ ಶಾಸನಗಳಲ್ಲಿ ಆ ಚಕ್ರವರ್ತಿಗೇ ಇದೇ ಊರಿನ ಒಡೆತನದ ಬಿರುದು ಸಲ್ಲುತ್ತದೆ. ರಾಷ್ಟ್ರಕೂಟರು ಅಳಿದ ಮೇಲೆ ಆ ವಂಶದವರೆಂದು ಹೇಳಿಕೊಂಡ ರಟ್ಟರು ಬಿರುದನ್ನು ಉಳಿಸಿಕೊಂಡರು, ಸುವರ್ಣಗರುಡಧ್ವಜವನ್ನೂ ತಮ್ಮದೆಂದರು.

ಇದು ರಟ್ಟರೊಬ್ಬರ ನಡತೆಯಲ್ಲ. ಕೊಲ್ಲಾಪುರದ ಶಿಲಾಹಾರರು ತಗರಪುರವರಾಧೀಶ್ವರರು. ಎಲಬುರ್ಗಿಯ ಸಿಂದರು ಭೋಗಾವತಿಯ ಒಡೆಯರು. ಭೋಗಾವತಿಯಾದರೋ ಪಾತಾಳದಲ್ಲಿ ನಾಗರಾಜನ ರಾಜಧಾನಿ! ಗುತ್ತಲದ ಗುತ್ತರು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಹೇಳಿಕೊಂಡು ವರದಾ ತುಂಗಭದ್ರೆಗಳ ನಡುವಣ ಒಂದು ಸಣ್ಣ ನಾಡನ್ನು ಆಳಿದರು. ಹೊಯ್ಸಳರಂತಹ ದೊಡ್ಡ ಅರಸರೂ ದ್ವಾರಾವತಿಯನ್ನು ಬಿಟ್ಟವರಲ್ಲ. ಹಾನಗಲ್ಲಿನ ಕದಂಬರ ‘ಬನವಾಸೀಪುರವರಾಧೀಶ್ವರ’ ಎಂಬ ಬಿರುದು ಮಾತ್ರ ಕೆಲಕಾಲ ನಿಜದ ಸಮೀಪಕ್ಕೆ ಬಂದಿತ್ತು. ಆದರೆ ಅದೇ ಬಿರುದು ಗೋವೆಯ ಕದಂಬರಿಗೂ ಸಲ್ಲುತ್ತಿದ್ದುದರಿಂದ ಒಂದೇ ಪುರಕ್ಕೆ ಇಬ್ಬರು ಅಧೀಶ್ವರರಾದಂತಾಯಿತು. ಇಂತಹ ಬಿರುದುಗಳನ್ನು ಸುಳ್ಳೆಂದು ತಳ್ಳುವುದು ಸರಿಯಲ್ಲ. ಅವು ಕುಲದ ನೆನಪುಗಳು. ತಾವು ಎಲ್ಲಿಂದ ಬಂದವರೆಂದು ಜನರು ತಿಳಿಯಬೇಕೆಂಬ ಅಪೇಕ್ಷೆಯು ಅವುಗಳಲ್ಲಿದೆಯೇ ಹೊರತು ಎಲ್ಲಿ ತೆರಿಗೆಯೆತ್ತುತ್ತಿದ್ದರೆಂಬ ವರದಿಯಿಲ್ಲ.

ಆ ವರದಿಯಿರುವುದು ದತ್ತಿಯ ಗದ್ಯದಲ್ಲಿ. ಆ ಗದ್ಯದ ನಡೆಯು ಬಹುಮಟ್ಟಿಗೆ ಗೊತ್ತಾದುದು. ಉತ್ತರಾಯಣ ಸಂಕ್ರಾಂತಿಯೋ ಗ್ರಹಣವೋ ಒದಗಿದ ಪುಣ್ಯಕಾಲದಲ್ಲಿ, ಸ್ಥಾನದ ಆಚಾರ್ಯನ ಕಾಲನ್ನು ತೊಳೆದು, ಧಾರಾಪೂರ್ವಕವಾಗಿ, ದೇವರ ಅಂಗಭೋಗ ರಂಗಭೋಗಗಳಿಗೂ ಖಂಡಸ್ಫುಟಿತಜೀರ್ಣೋದ್ಧಾರಕ್ಕೂ ತಪೋಧನರ ಆಹಾರದಾನಕ್ಕೂ ಇಷ್ಟು ಭೂಮಿಯನ್ನು ಬಿಟ್ಟನೆಂದು ಅದು ಹೇಳುತ್ತದೆ. ಅಂಗಭೋಗವೆಂದರೆ ಅಭಿಷೇಕ, ಗಂಧ, ಪುಷ್ಪ, ನೈವೇದ್ಯಾದಿಯಾಗಿ ವಿಗ್ರಹಕ್ಕೆ ನೇರವಾಗಿ ಸಲ್ಲುವ ಉಪಚಾರ. ರಂಗಭೋಗವೆಂದರೆ ರಂಗಮಂಟಪದಲ್ಲಿ ನಡೆಯುವ ಗೀತ ವಾದ್ಯ ನೃತ್ಯಗಳ ಸೇವೆ. ಖಂಡಸ್ಫುಟಿತವೆಂಬುದು ಒಡೆದ ಬಿರಿದ ಕಟ್ಟಡದ ಭಾಗಗಳು. ಗುಡಿಯನ್ನು ಕಟ್ಟಿದ ವರ್ಷವೇ ಅದು ಬಿರಿಯುವ ದಿನಕ್ಕೆ ಹಣವನ್ನು ಏರ್ಪಡಿಸುತ್ತಿದ್ದ ಈ ಕಾಲದ ದಾನಿಗಳ ಮುಂದಾಲೋಚನೆಯು ಮೆಚ್ಚತಕ್ಕುದು.

ಇದಾದ ಬಳಿಕ ನೆಲದ ಅಳತೆ ಬರುತ್ತದೆ. ಮತ್ತರು, ಕಮ್ಮ ಮೊದಲಾದ ಅಳತೆಗಳು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಯಾವ ಗಳೆಯಿಂದ ಅಳೆದುದೆಂಬುದನ್ನೂ ಶಾಸನಕಾರನು ಅನೇಕವೇಳೆ ಹೇಳುತ್ತಾನೆ. ಬಳ್ಳಿಗಾವೆಯ ಕಡೆ ಭೇರುಂಡಗಳೆಯೆಂಬುದು ಪ್ರಸಿದ್ಧವಾಗಿತ್ತು. ಬನವಾಸಿ ಹನ್ನೆರಡುಸಾಸಿರವನ್ನು ಆಳುತ್ತಿದ್ದ ಚಾವುಂಡರಾಯನು ೧೦೪೭ರಲ್ಲಿ ಆ ಊರಿನಲ್ಲಿ ನಿಲ್ಲಿಸಿದ ಗಂಡಭೇರುಂಡಸ್ತಂಭವು ಇಂದಿಗೂ ಇದೆ. ಅಳತೆಯ ಅನಂತರ ಎಲ್ಲೆ: ಮೂಡಲು ಇಂಥ ಹಳ್ಳ, ತೆಂಕಲು ಇಂಥ ಊರಿಗೆ ಹೋಗುವ ಬಟ್ಟೆ, ಪಡುವಲು ನಟ್ಟ ಕಲ್ಲು, ಬಡಗಲು ಇಂಥವನ ತೋಂಟ.

ಈ ಭಾಗದಲ್ಲಿ ಅತಿಶಯೋಕ್ತಿಗೆ ಅವಕಾಶವೇ ಇಲ್ಲವೆಂಬುದನ್ನು ಗಮನಿಸಬೇಕು. ಅರಸನ ಮುತ್ತಾತನು ಸಮುದ್ರದವರೆಗೆ ಶತ್ರುಗಳನ್ನು ಅಟ್ಟಿದನೆಂದು ಕವಿಯು ಹಾಡಿದರೆ ಯಾರಿಗೂ ನಷ್ಟವಿಲ್ಲ. ಕೇಳಿದವರು ತಲೆದೂಗಿ ಮನೆಗೆ ಹೋಗುವರು. ಆದರೆ ಬಡಗಣ ಎಲ್ಲೆಯನ್ನು ಹತ್ತು ಗಳೆ ಆಚೆಗೆ ಬರೆದರೆ ಪಕ್ಕದ ಹೊಲದವನು ಮರುದಿನವೇ ಬಂದು ನಿಲ್ಲುವನು. ತಾಮ್ರಪಟಗಳಲ್ಲಿ ಕೂಟಶಾಸನಗಳು ಹೇರಳವಾಗಿದ್ದು, ಗಂಗರ ಪಟಗಳನ್ನು ಕುರಿತು ಫ್ಲೀಟ್ ಮೊದಲಾದವರು ನಡಸಿದ ವಾದವು ಪ್ರಸಿದ್ಧವೇ ಆಗಿದೆ. ಪಟವು ಪೆಟ್ಟಿಗೆಯಲ್ಲಿರುತ್ತದೆ, ಕಲ್ಲು ಊರ ನಡುವೆ ನಿಂತಿರುತ್ತದೆ. ಶಿಲೆಯಲ್ಲಿ ಕೂಟವೇ ಇಲ್ಲವೆಂದಲ್ಲ, ಆದರೆ ನಿಂತ ಕಲ್ಲಿಗೆ ಊರೆಲ್ಲವೂ ಸಾಕ್ಷಿ.

ಸವದತ್ತಿಯ ಅತ್ಯಂತ ಹಳೆಯ ಸಂಗತಿಯನ್ನು ಹೇಳುವ ಶಾಸನವೇ ಈ ವಿಷಯದಲ್ಲಿ ಒಳ್ಳೆಯ ಪಾಠವಾಗಿದೆ. ಮೈಳಾಪತೀರ್ಥದ ಕಾರೇಯಗಣದ ಇಂದ್ರಕೀರ್ತಿಸ್ವಾಮಿಯ ಶಿಷ್ಯನಾದ ಪೃಥ್ವೀರಾಮನೆಂಬುವನು ಕೃಷ್ಣರಾಜನಿಂದ ಮಹಾಸಾಮಂತಪದವಿಯನ್ನು ಪಡೆದು, ಸುಗಂಧವರ್ತಿಯಲ್ಲಿ, ಎಂದರೆ ಸವದತ್ತಿಯಲ್ಲಿ, ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ಬಿಟ್ಟನೆಂದು ಅದು ತಿಳಿಸುತ್ತದೆ. ಕಾಲವು ಶಕ ೭೯೭, ಎಂದರೆ ಕ್ರಿ. ಶ. ೮೭೫. ಆದರೆ ಸವದತ್ತಿಯಲ್ಲಿಯೇ ಶಕ ೯೦೨ರ, ಎಂದರೆ ೯೮೦ರ ಶಾಸನವೊಂದು ಉಂಟು. ಅದರ ದಾನಿಯಾದ ಶಾಂತಿವರ್ಮನು ಪೃಥ್ವೀರಾಮನ ಮಗನಾದ ಪಿಟ್ಟುಗನ ಮಗ. ಅಜ್ಜನಿಗೂ ಮೊಮ್ಮಗನಿಗೂ ನಡುವೆ ೧೦೫ ವರ್ಷಗಳು ಬಿದ್ದಂತಾಯಿತು. ಇದು ನಂಬತಕ್ಕುದಲ್ಲ. ಪೃಥ್ವೀರಾಮನ ಒಡೆಯನಾದ ಕೃಷ್ಣರಾಜನು ೧೦ನೆಯ ಶತಮಾನದ ನಡುವೆ ಆಳಿದ ಮೂರನೆಯ ಕೃಷ್ಣನಾಗಿರಬೇಕೆಂದೂ, ಶಾಸನದ ತೇದಿಯೇ ತಪ್ಪೆಂದೂ ಫ್ಲೀಟರು ಮುಂದೆ ಅಭಿಪ್ರಾಯಪಟ್ಟರು. ಕಲ್ಲಿನ ಬರಹವಾದರೋ ಆ ದಾನದ ಕಾಲದ್ದಲ್ಲ. ೧೧ನೆಯ ಶತಮಾನದ ಕೊನೆಯ ರಟ್ಟರ ದತ್ತಿಗಳೊಡನೆ ಹಳೆಯ ದಾನವನ್ನೂ ಸೇರಿಸಿ ಕೆತ್ತಿದುದು.

ಇಲ್ಲಿ ಸಾಮಾನ್ಯವಾಗಿ ಶಾಸನವನ್ನೇ ಅಪ್ರಮಾಣವೆಂದು ಬದಿಗಿಡುವ ಪ್ರವೃತ್ತಿಯುಂಟು. ಅದು ಆತುರದ ತೀರ್ಮಾನ. ನೂರಾರು ವರ್ಷಗಳ ತರುವಾಯ ಬಸದಿಯವರು ಹಳೆಯ ದತ್ತಿಯನ್ನು ಮತ್ತೆ ಕಲ್ಲಿಗೇರಿಸಿದುದೇಕೆ? ಆ ಭೂಮಿಯು ಅವರ ಅನುಭವದಲ್ಲಿದ್ದುದರಿಂದ, ಹೊಸ ಅರಸನ ಕಾಲದಲ್ಲಿ ಅದು ಕೈಬಿಡಬಾರದೆಂಬ ಚಿಂತೆಯಿದ್ದುದರಿಂದ ಎಂದು ಊಹಿಸುವುದು ಸಹಜ. ಚಕ್ರವರ್ತಿ ಯಾವ ಕೃಷ್ಣ, ವರ್ಷ ಎಷ್ಟು ಎಂಬುದು ಅವರಿಗೆ ಮಸಕಾಗಿತ್ತು. ಯಾರು ಕೊಟ್ಟರು, ಯಾವ ಗುರುವಿನ ಪರಂಪರೆಗೆ ಕೊಟ್ಟರು ಎಂಬುದು ಮಸಕಾಗಿರಲಿಲ್ಲ. ಸ್ಥಾನದ ನೆನಪು ತನಗೆ ಬೇಕಾದುದನ್ನು ಬಿಗಿಯಾಗಿ ಹಿಡಿದಿತ್ತು, ಬೇಡವಾದುದನ್ನು ಸಡಿಲ ಬಿಟ್ಟಿತ್ತು. ವಂಶಾವಳಿಯ ದೋಷದಿಂದ ದತ್ತಿಯೂ ದುಷ್ಟವಾಯಿತೆಂದು ಎಣಿಸಬೇಕಾಗಿಲ್ಲ.

೯೮೦ರ ಶಾಸನದ ಪ್ರಯೋಜನವು ಇದಕ್ಕಿಂತಲೂ ಹೆಚ್ಚಿನದು. ಚಾಳುಕ್ಯ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಕಿತ್ತು ಏಳೇ ವರ್ಷಗಳಾಗಿದ್ದ ಕಾಲವದು. ಶಾಂತಿವರ್ಮನು ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ೧೫೦ ಮತ್ತರು ಭೂಮಿಯನ್ನು ಕೊಟ್ಟನು. ಅವನ ತಾಯಿ ನಿಜಿಯಬ್ಬೆಯು ಮತ್ತೂ ೧೫೦ ಮತ್ತರನ್ನು ಕೊಟ್ಟಳು. ಮಗನ ದಾನಕ್ಕೆ ಸರಿಸಮನಾಗಿ ತಾಯಿಯ ದಾನವೂ ಬೇರೆಯಾಗಿಯೇ ಎಣಿಸಲ್ಪಟ್ಟಿರುವುದು ಗಮನಾರ್ಹವಾದ ಸಂಗತಿ. ಅದೇ ೯೮೦ರಲ್ಲಿ, ಅದೇ ತೈಲಪನ ಅಧೀನನಾಗಿ, ಸವದತ್ತಿಗೆ ದೂರವಲ್ಲದ ಸೊಗಲದ ಶಾಸನದಲ್ಲಿ ರಟ್ಟರ ಮೊದಲನೆಯ ಕಾರ್ತವೀರ್ಯನು ಕಾಣಿಸಿಕೊಳ್ಳುತ್ತಾನೆ. ಈತನು ಕೂಂಡಿನಾಡಿನ ಒಡೆಯನು. ಅದರ ಎಲ್ಲೆಗಳನ್ನು ಗೊತ್ತುಮಾಡಿದವನೆಂದು ಈತನ ಸಂತತಿಯವರ ಶಾಸನವು ಹೊಗಳುತ್ತದೆ. ಶಾಂತಿವರ್ಮನಾದರೋ ರಟ್ಟನಲ್ಲ, ಬೈಸವಂಶದವನು. ಪೃಥ್ವೀರಾಮ ಶಾಂತಿವರ್ಮರನ್ನೂ ರಟ್ಟರೆಂದೇ ಮೊದಲು ಎಣಿಸಿದ್ದುದನ್ನು ಫ್ಲೀಟರೇ ಬಳಿಕ ತಿದ್ದಿಕೊಂಡರು.

ಒಂದೇ ವರ್ಷ, ಒಬ್ಬನೇ ಚಕ್ರವರ್ತಿ, ಒಂದೇ ಸೀಮೆ. ಆದರೆ ಸಾಮಂತರು ಇಬ್ಬರು. ರಟ್ಟರ ಪ್ರಶಸ್ತಿಪದ್ಯಗಳನ್ನೇ ನಂಬಿದ್ದರೆ ಕೂಂಡಿಯೆಲ್ಲವೂ ಕಾರ್ತವೀರ್ಯನ ಕೈಯಲ್ಲಿತ್ತೆಂದೇ ಬರೆಯಬೇಕಾಗಿತ್ತು. ಸುಗಂಧವರ್ತಿಯ ನೆಲದಿಂದ ೧೫೦ ಮತ್ತರನ್ನು ಬಿಟ್ಟುಕೊಟ್ಟವನು ಶಾಂತಿವರ್ಮನಾಗಿರುವುದರಿಂದ, ಆ ವರ್ಷ ಆ ಊರು ಬೈಸರದು ಎಂದು ಹೇಳದೆ ವಿಧಿಯಿಲ್ಲ. ೧೦೪೮ರ ವೇಳೆಗೆ ಸ್ಥಿತಿ ಬದಲಾಗಿದೆ: ಮೊದಲನೆಯ ಸೋಮೇಶ್ವರನ ಮಹಾಸಾಮಂತನಾದ ರಟ್ಟ ಅಂಕನ ಶಾಸನವು ಸವದತ್ತಿಯ ಅಂಕೇಶ್ವರದೇವಾಲಯದಲ್ಲಿಯೇ ನಿಂತಿದೆ. ನಡುವಣ ೬೮ ವರ್ಷಗಳಲ್ಲಿ ಊರು ಕೈಮಾರಿತು. ಮುಂದೆ ತಮ್ಮ ಹೆಸರಿನೊಡನೆ ಅಗಲದೆ ನಿಂತ ಸವದತ್ತಿಯನ್ನೇ ರಟ್ಟರು ಮತ್ತೊಬ್ಬರಿಂದ ಪಡೆದರೆಂಬ ಈ ಸಂಗತಿಯು ಹೊರಬೀಳುವುದು ಹೊಲದ ಲೆಕ್ಕದಿಂದಲೇ.

ದತ್ತಿಯ ಗದ್ಯಕ್ಕೆ ಮೊದಲು ಬರುವ ಒಡೆಯನ ಹೆಸರನ್ನೂ ಇದೇ ಎಚ್ಚರದಿಂದ ಓದಬೇಕು. ಸಿಂದರ ಇಮ್ಮಡಿ ಚಾವುಂಡನ ಕಾಲದಲ್ಲಿ ಅವನ ರಾಣಿ ದೇಮಲದೇವಿಯೂ ಮಗ ಆಚಿದೇವನೂ ಪಟ್ಟದಕಲ್ಲಿನಲ್ಲಿದ್ದು ವಿಜಯೇಶ್ವರದೇವರಿಗೆ ಶಕ ೧೦೮೪ರಲ್ಲಿ ದಾನಮಾಡಿದ ಶಾಸನದಲ್ಲಿ ಒಡೆಯನೆಂದು ಹೇಳಿರುವುದು ಮುಮ್ಮಡಿ ತೈಲನನ್ನು. ಅಷ್ಟು ಹೊತ್ತಿಗೆ ಕಲಚುರ್ಯ ಬಿಜ್ಜಳನು ಚಕ್ರವರ್ತಿಬಿರುದುಗಳನ್ನು ಧರಿಸಿಯಾಗಿತ್ತು. ಸಿಂದರು ಸಿಂಹಾಸನ ಕಳೆದುಕೊಂಡವನ ಹೆಸರನ್ನು ಕೆತ್ತಿಸಿದುದು ನಿಷ್ಠೆಯಿಂದಲೋ, ಬಿಜ್ಜಳನನ್ನು ಒಪ್ಪದ ಹಟದಿಂದಲೋ ಎಂಬುದು ಬೇರೆಯ ವಿಚಾರ. ಒಡೆಯನ ಹೆಸರು ಬಂದಿತೆಂದ ಮಾತ್ರಕ್ಕೆ ಅವನ ಆಳಿಕೆ ಅಲ್ಲಿ ನಡೆಯುತ್ತಿತ್ತೆಂದು ತಿಳಿಯಬಾರದೆಂಬುದಷ್ಟು ಇದರಿಂದ ನಿಶ್ಚಿತ.

ರಟ್ಟರಿಗೆ ಹಿಂದಿರುಗಿದರೆ, ೧೨೦೪ರ ಬೆಳಗಾವಿಯ ಜೋಡಿ ಶಾಸನಗಳು ಅವರ ಏಳಿಗೆಯ ತುದಿಯನ್ನು ತೋರಿಸುತ್ತವೆ. ವೇಣುಗ್ರಾಮವು ಆಗ ನಾಲ್ವಡಿ ಕಾರ್ತವೀರ್ಯನ ನೆಲೆವೀಡು. ತಮ್ಮನಾದ ಮಲ್ಲಿಕಾರ್ಜುನನು ಯುವರಾಜನು. ಮಂತ್ರಿಯಾದ ಬೀಚಣನು ಅಲ್ಲಿ ರಟ್ಟಜಿನಾಲಯವೆಂಬ ಶಾಂತಿನಾಥಬಸದಿಯನ್ನು ಕಟ್ಟಿಸಿದನು. ಉತ್ತರಾಯಣ ಸಂಕ್ರಮಣದಂದು ಶುಭಚಂದ್ರಭಟ್ಟಾರಕರಿಗೆ ಧಾರೆಯೆರೆದು ಕೊಟ್ಟುದು ಇಷ್ಟು ಮತ್ತರು ಎಂಬ ಲೆಕ್ಕದ ಹೊಲವಷ್ಟೇ ಅಲ್ಲ, ಕೊರವಳ್ಳಿ ಕಂಪಣದ ಉಂಬರವಾಣಿಯೆಂಬ ಇಡಿಯ ಗ್ರಾಮ. ಶಾಂತಿವರ್ಮನ ೧೫೦ ಮತ್ತರಿಗೂ ಕಾರ್ತವೀರ್ಯನ ಗ್ರಾಮಕ್ಕೂ ಇರುವ ಅಂತರವು ಔದಾರ್ಯದ ಅಂತರವೆಂದು ಭಾವಿಸಬೇಕಾಗಿಲ್ಲ. ಹೊಲವನ್ನು ಹೊಲದೊಡೆಯನೂ ಕೊಡಬಹುದು. ಗ್ರಾಮವನ್ನು ಕೊಡುವವನು ಅದರಿಂದ ಅರಮನೆಗೆ ಬರುವ ಸಿದ್ಧಾಯ ಸುಂಕಾದಿಗಳನ್ನೂ ಬಿಡುತ್ತಾನೆ. ಎಂದರೆ ಅವು ಮೊದಲು ಅವನ ಅರಮನೆಗೆ ಬರುತ್ತಿರಬೇಕು.

ಕಲ್ಯಾಣದ ಚಾಳುಕ್ಯರು ಆ ವೇಳೆಗೆ ಅಸ್ತಂಗತರಾಗಿದ್ದರು. ೧೨೦೪ರ ಕಲ್ಲುಗಳಲ್ಲಿ ಯಾವ ಆಳುವ ಚಕ್ರವರ್ತಿಯ ಹೆಸರೂ ಇಲ್ಲ. ವಂಶವು ನೇರವಾಗಿ ರಾಷ್ಟ್ರಕೂಟ ಕೃಷ್ಣನಿಂದ ಎಣಿಸಲ್ಪಡುತ್ತದೆ. ಆದರೂ ಕಾರ್ತವೀರ್ಯನ ಬಿರುದು ಮಹಾಮಂಡಳೇಶ್ವರನೆಂದೇ ಉಳಿಯಿತು, ಲತ್ತಲೂರೂ ಉಳಿಯಿತು. ೯೮೦ರಲ್ಲಿ ರಟ್ಟರ ಬಿರುದು ಅವರ ನೆಲಕ್ಕಿಂತ ದೊಡ್ಡದಾಗಿತ್ತು. ೧೨೦೪ರಲ್ಲಿ ಅವರ ಸ್ವಾತಂತ್ರ್ಯವು ಬಿರುದಿಗಿಂತ ದೊಡ್ಡದು. ಎರಡು ಸಲವೂ ಬಿರುದು ಅಲುಗಲಿಲ್ಲ.

ಇವೇ ಶಾಸನಗಳು ಅರಸನಿಗೆ ಸೇರದ ದಾನಗಳನ್ನೂ ದಾಖಲಿಸಿವೆ. ಬೆಳಗಾವಿಯ ಪೇಟೆಯ ವರ್ತಕರು, ಅವರಲ್ಲಿ ಲಾಟದೇಶದವರೂ ಮಲೆಯಾಳದವರೂ ಸೇರಿ, ತಾವು ಮಾರುವ ಸರಕುಗಳ ಮೇಲೆ ಬಸದಿಗೆ ಇಷ್ಟಿಷ್ಟೆಂದು ಆಯವನ್ನು ಗೊತ್ತುಮಾಡಿದರು. ಇದನ್ನು ಅರಸನು ಕೊಡಲಿಲ್ಲ. ಸಂಘವೇ ಕೂಡಿ ಕೊಟ್ಟಿತು. ತೇರದಾಳದ ಶಾಸನದಲ್ಲಿಯೂ ಹೀಗೆಯೇ ಪದರಪದರವಾಗಿ ದಾನಿಗಳು ಕಾಣುತ್ತಾರೆ. ೧೧೨೩ರ ಸುಮಾರಿನಲ್ಲಿ ಅಲ್ಲಿಯ ಮಂಡಳಿಕ ಗೊಂಕನು ನೇಮಿನಾಥಬಸದಿಯನ್ನು ಕಟ್ಟಿಸಿ, ರಟ್ಟ ಕಾರ್ತವೀರ್ಯನ ಸಮ್ಮುಖದಲ್ಲಿ ದತ್ತಿ ಬಿಟ್ಟನು. ೧೧೮೭ರವರೆಗೆ ಬೇರೆ ಬೇರೆ ಜನರು ಅದೇ ಕಲ್ಲಿನಲ್ಲಿ ತಮ್ಮ ತಮ್ಮ ದತ್ತಿಗಳನ್ನು ಸೇರಿಸುತ್ತಲೇ ಬಂದರು. ‘ಇಂಥ ಅರಸನ ದಾನಶಾಸನ’ ಎಂದು ಪಟ್ಟಿಗಳಲ್ಲಿ ಒಂದೇ ಸಾಲಿನಲ್ಲಿ ನಮೂದಿಸುವ ರೂಢಿಯು ಇಂತಹ ಕಲ್ಲುಗಳಿಗೆ ನ್ಯಾಯವನ್ನು ಸಲ್ಲಿಸುವುದಿಲ್ಲ.

ದಾನಿಯ ಮತವನ್ನು ದತ್ತಿಯಿಂದಲೇ ನಿರ್ಣಯಿಸುವ ರೂಢಿಯೂ ಅಷ್ಟೆ. ಸವದತ್ತಿಯ ೧೨೨೯ರ ಶಾಸನದಲ್ಲಿ ಇಮ್ಮಡಿ ಲಕ್ಷ್ಮೀದೇವನ ರಾಜಗುರುವೂ ಮಂತ್ರಿಯೂ ‘ರಟ್ಟರಾಜ್ಯಪ್ರತಿಷ್ಠಾಚಾರ್ಯ’ನೆಂಬ ಬಿರುದುಳ್ಳವನೂ ಆದ ಮುನಿಚಂದ್ರನು ಜೈನಗುರು, ಶಾಸನವು ಶಿವಾಲಯಕ್ಕೆ ಸಂಬಂಧಪಟ್ಟುದು.

ಸಾಹಿತ್ಯದ ಅಧ್ಯಾಪಕರಿಗೆ ದತ್ತಿಯ ಗದ್ಯದಿಂದ ಇನ್ನೊಂದು ಲಾಭವುಂಟು. ಕಾರ್ತವೀರ್ಯನ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು, ಎಂದರೆ ೧೨೨೨ರಲ್ಲಿ ಪಾರ್ಶ್ವನಾಥಪುರಾಣವನ್ನು ಬರೆದ ಕವಿಯು, ಕಲ್ಹೊಳೆಯ ೧೨೦೪ರ ಶಾಸನವನ್ನು ರಚಿಸಿದನೆಂದೂ, ಬೆಳಗಾವಿಯ ಶಾಸನವು ಬಾಲಚಂದ್ರ ಕವಿಕಂದರ್ಪನದೆಂದೂ ಹೇಳುವರು. ಇಂತಹ ಕವಿಗಳು ಪದ್ಯದಲ್ಲಿ ಪೂರ್ವಕವಿಗಳ ಮಾರ್ಗವನ್ನು ಬಿಡುವವರಲ್ಲ. ಅಲ್ಲಿ ‘ಪ’ಕಾರವು ‘ಪ’ಕಾರವಾಗಿಯೇ ನಿಲ್ಲುತ್ತದೆ, ೞಕಾರವು ಲಕ್ಷಣಕ್ಕೆ ಒಳಪಟ್ಟಿರುತ್ತದೆ. ಕವಿಯ ಕೈ ನಿಂತು ಎಲ್ಲೆಯ ವಿವರವು ಮೊದಲಾದ ಕೂಡಲೇ ಭಾಷೆ ಬದಲಾಗುತ್ತದೆ. ೧೨, ೧೩ನೆಯ ಶತಮಾನಗಳ ದತ್ತಿಗದ್ಯಗಳಲ್ಲಿ ಪಳ್ಳವು ಹಳ್ಳವಾಗಿ, ಪೊಲವು ಹೊಲವಾಗಿ, ಪಡುವಲು ಹಡುವಲಾಗಿ ಕಾಣುವುದು ಸಾಮಾನ್ಯ. ಕೆಱೆ, ಗದ್ದೆ, ಬೆದ್ದಲೆ, ಹೂದೋಂಟ, ಗಾಣ, ನಿವೇಶನ ಇವೆಲ್ಲವೂ ಕರಣಿಕನ ಬಾಯಿಯ ಮಾತುಗಳು. ಕೇಶಿರಾಜನು ೧೩ನೆಯ ಶತಮಾನದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕಲಿಸಬೇಕಾಯಿತೆಂದರೆ, ಜನರ ಉಚ್ಚಾರಣೆಯಲ್ಲಿ ಅದು ಆಗಲೇ ಅಳಿದಿತ್ತೆಂದರ್ಥ. ಅಳಿಯುತ್ತಿದ್ದ ಬಗೆಯನ್ನು ಕಾಣಲು ಹೊಲದ ಎಲ್ಲೆಗಳಿಗಿಂತ ಉತ್ತಮವಾದ ಸ್ಥಳವಿಲ್ಲ. ಒಂದೇ ಕಲ್ಲಿನಲ್ಲಿ, ಒಂದೇ ದಿನ, ಒಬ್ಬನೇ ಕಂಡರಣೆಗಾರನ ಉಳಿಯಿಂದ ಎರಡು ಕನ್ನಡಗಳು ಮೂಡಿವೆ. ಪದ್ಯಗಳನ್ನು ಮಾತ್ರ ಆರಿಸಿಕೊಟ್ಟ ಪಠ್ಯಪುಸ್ತಕದಿಂದ ವಿದ್ಯಾರ್ಥಿಗೆ ಇವುಗಳಲ್ಲಿ ಒಂದೇ ಒಂದು ದೊರೆಯುತ್ತದೆ.

ರಟ್ಟರ ಶಾಸನಗಳನ್ನು ಫ್ಲೀಟರು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಶಾಖೆಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿಯೂ, ಬೆಳಗಾವಿಯ ಜೋಡಿ ಶಾಸನಗಳನ್ನು ಬಾರ್ನೆಟ್ಟರು ಎಪಿಗ್ರಾಫಿಯಾ ಇಂಡಿಕಾದ ಹದಿಮೂರನೆಯ ಸಂಪುಟದಲ್ಲಿಯೂ ಪೂರ್ತಿಯಾಗಿ ಅಚ್ಚುಹಾಕಿಸಿರುವರು. ಗದ್ಯವನ್ನು ಅವರು ಬಿಟ್ಟಿಲ್ಲ. ರಟ್ಟರ ರಾಜ್ಯವು ೧೨೨೯ರ ಮೇಲೆ ಬಹುಕಾಲ ನಡೆಯಲಿಲ್ಲ. ಯಾದವ ಸಿಂಘಣನ ದಂಡನಾಯಕ ಬೀಚಣನು ಗೆದ್ದವರಲ್ಲಿ ರಟ್ಟರನ್ನೂ ೧೨೩೮ರ ಹರಳಹಳ್ಳಿಯ ತಾಮ್ರಶಾಸನವು ಎಣಿಸುತ್ತದೆ. ಬೆಳಗಾವಿಯ ಎರಡು ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ; ಅವುಗಳಲ್ಲಿ ಹೇಳಿರುವ ಎಲ್ಲೆಗಳನ್ನು ನೆಲದ ಮೇಲೆ ನಡೆದು ಗುರುತಿಸುವ ಕೆಲಸವನ್ನು ಮಾತ್ರ ಬೆಳಗಾವಿಯ ಸೀಮೆಯಲ್ಲಿಯೇ ಮಾಡಬೇಕು.